ಮೂರು ಲೋಟ ಕತ್ತಾಳೆ

ಏನನ್ನೇ ಆಗಲಿ, ಬಾಯಿಗೆ ಹಾಕುವ ಮೊದಲು ಮೂಸಿ ನೋಡುವುದು ನನ್ನ ಚಟ. ಮದುವೆಮನೆಯ ಪಂಕ್ತಿಯಲ್ಲಿ ಕೂತರೂ ಅಷ್ಟೆ, ಸತ್ತವರ ಮನೆಯ ದಿನದ ಊಟಕ್ಕೆ ಕೂತರೂ ಅಷ್ಟೆ. ತುತ್ತು ಎತ್ತುತ್ತೇನೆ, ಮೂಗಿನ ಹತ್ತಿರ ಒಂದು ಗಳಿಗೆ ನಿಲ್ಲಿಸುತ್ತೇನೆ, ಆಮೇಲೆ ಬಾಯಿ. ಬಡಿಸುವವರಿಗೆ ಸಿಟ್ಟು ಬರುತ್ತದೆ. ಬರಲಿ. ಹಳಸಿದ ಸಾರು ತಿಂದು ಚೊಂಬು ಹಿಡಿದುಕೊಂಡು ಓಡುವವಳು ನಾನು, ಅವರಲ್ಲ.

ಮೊನ್ನೆ ಕುಕನೂರಿನಲ್ಲಿ ಬೀಗರ ಮನೆಯ ಮದುವೆ. ಹೀಗೇ ಗೋಧಿ ಹುಗ್ಗಿಯನ್ನು ಮೂಸುತ್ತಿದ್ದೆ. ಎದುರು ಸಾಲಿನಲ್ಲಿ ಕೂತಿದ್ದ ಹೆಣ್ಣುಮಗಳೊಬ್ಬಳು ನಕ್ಕು, “ಏನ್ರೀ ಆಯಿ, ಹುಗ್ಗಿಯೊಳಗ ಏನ್ ಹುಡುಕಾಕತ್ತೀರಿ?” ಎಂದಳು.

“ತುಪ್ಪ” ಎಂದೆ. “ಹಾಕೀವಿ ಅಂತಾರ, ಮೂಗಿಗಂತೂ ಸಿಕ್ಕಿಲ್ಲ.”

ಬೀಗರ ಕಿವಿಗೆ ಬಿತ್ತು. ಸ್ವಲ್ಪ ಹೊತ್ತಿಗೆ ನನ್ನ ಎಲೆಗೆ ತುಪ್ಪ ಬಂತು. ಆದರೆ ನಾನು ಹೇಳಹೊರಟಿದ್ದು ಹುಗ್ಗಿಯ ವಿಷಯವಲ್ಲ. ಇದೇ ಮೂಗಿನ ದೆಸೆಯಿಂದ ಹೋದ ವರ್ಷ ನಾನು ಟಕೀಲಾ ಕುಡಿದೆ. ಒಂದಲ್ಲ, ಮೂರು ಥರದ್ದು. ಎದುರಿಗೆ ಕೂತ ಆ ಹೆಣ್ಣುಮಗಳಿಗೆ ಇದನ್ನು ಹೇಳಿದ್ದರೆ ಹುಗ್ಗಿ ಬಿಟ್ಟು ಏಳುತ್ತಿದ್ದಳು. ನೀವು ಕೂತು ಕೇಳುತ್ತೀರಿ ಎಂದು ನಂಬಿದ್ದೇನೆ.

ಟಕೀಲಾ ಎಂದರೇನು ಎಂದು ನಿಮಗೆ ಗೊತ್ತಿರಬಹುದು. ನನಗೆ ಗೊತ್ತಿರಲಿಲ್ಲ. ಮೊಮ್ಮಗಳು ಸುಜಾತಾ ತಿಳಿಸಿ ಹೇಳಿದಳು. ಅದು ಮೆಕ್ಸಿಕೊ ಎಂಬ ದೂರದ ದೇಶದ ಹೆಂಡ. ಕತ್ತಾಳೆಯಿಂದ ಮಾಡುತ್ತಾರೆ. ನಮ್ಮ ಹೊಲದ ಬದುವಿನಲ್ಲಿ ಇರುವುದೇ ಅಲ್ಲ, ಅದರ ಬಳಗದ್ದು. ಎಲೆಯನ್ನೆಲ್ಲ ಕಡಿದು ಬಿಸಾಕಿ, ನಡುವಿನ ಗಡ್ಡೆಯನ್ನು ಬೇಯಿಸಿ, ಜಜ್ಜಿ, ರಸ ಹುಳಿ ಬರಿಸಿ, ಭಟ್ಟಿ ಇಳಿಸಿ, ಕಟ್ಟಿಗೆಯ ಪೀಪಾಯಿಯಲ್ಲಿ ತುಂಬಿಡುತ್ತಾರೆ. ಎಷ್ಟು ಹೆಚ್ಚು ಕಾಲ ಇಡುತ್ತಾರೋ ಅಷ್ಟು ಹೆಚ್ಚು ಬೆಲೆ.

“ಕತ್ತಾಳಿಯಿಂದ?” ಎಂದೆ. “ಅವರಿಗೆ ಗಂಟಲ ಕಡಿಯಂಗಿಲ್ಲೇನ?”

ನಾನು ಹಾಗೆ ಕೇಳಿದ್ದಕ್ಕೆ ಕಾರಣವಿದೆ. ನನ್ನ ತವರಿನಲ್ಲಿ ಹಗ್ಗ ಹೊಸೆಯುತ್ತಿದ್ದರು. ಊರು ಕುಕನೂರಿನ ಆಚೆ, ಹೆಸರು ಹೇಳಿದರೂ ನಿಮಗೆ ಗೊತ್ತಾಗುವಷ್ಟು ದೊಡ್ಡದಲ್ಲ. ಅಪ್ಪ ಕತ್ತಾಳೆ ಎಲೆ ಕೊಯ್ದು ತಂದು ಹಳ್ಳದ ಕೆಸರಿನಲ್ಲಿ ಹುಗಿಯುತ್ತಿದ್ದ. ಅದು ಕೊಳೆತ ಮೇಲೆ ತೆಗೆದು ಕಲ್ಲಿಗೆ ಬಡಿದು ತೊಳೆದರೆ ಬಿಳಿ ನಾರು ಉಳಿಯುತ್ತದೆ. ನಾನು ಮಾವಿನ ಗಿಡದ ಕೆಳಗೆ ಕೂತು ಹೊಸೆಯುವ ಕೋಲನ್ನು ತಿರುಗಿಸುತ್ತಿದ್ದೆ, ಅಪ್ಪ ನಾರು ಕೊಡುತ್ತಾ ಹಿಂದಕ್ಕೆ ಹಿಂದಕ್ಕೆ ನಡೆಯುತ್ತಿದ್ದ. ಒಮ್ಮೆ ಹಾಗೇ ನಡೆದು ಗೌಡರ ಎಮ್ಮೆಗೆ ಬೆನ್ನು ಹಚ್ಚಿದ. ಎಮ್ಮೆ ಏನೂ ಅನ್ನಲಿಲ್ಲ, ಗೌಡರು ಅಂದರು.

ಹಸಿ ಕತ್ತಾಳೆಯ ರಸ ಮೈಗೆ ತಾಗಿದರೆ ನವೆ ಎಂದರೆ ನವೆ. ಕೆರೆದು ಕೆರೆದು ತೊಗಲು ಕಿತ್ತು ಬರಬೇಕು. ಅದಕ್ಕೇ ಎಲೆ ಮುಟ್ಟುವ ಮೊದಲು ಮೊಳಕೈವರೆಗೆ ಕುಸುಬಿ ಎಣ್ಣೆ ಹಚ್ಚಿಕೊಳ್ಳಬೇಕು. ಇದು ನಮ್ಮ ಮನೆಯ ಮೊದಲ ಪಾಠ. ಎರಡನೆಯ ಪಾಠಕ್ಕೆ ಶಾಲೆಗೆ ಹೋದೆ. ಕೊಳೆತ ಕತ್ತಾಳೆಯ ವಾಸನೆ ಎಷ್ಟು ತೊಳೆದರೂ ಹೋಗುವುದಿಲ್ಲ. ಮಾಸ್ತರರು ನನ್ನನ್ನು ಬಾಗಿಲ ಹೊರಗೆ, ಗಾಳಿ ಬೀಸುವ ದಿಕ್ಕು ನೋಡಿ ಕೂಡಿಸುತ್ತಿದ್ದರು. ಅಲ್ಲಿಂದ ಹಲಗೆ ಕಾಣುತ್ತಿರಲಿಲ್ಲ, ಬೀದಿ ಚೆನ್ನಾಗಿ ಕಾಣುತ್ತಿತ್ತು. ಮೂರನೇ ಇಯತ್ತೆಗೆ ಬಿಟ್ಟೆ. ಅತ್ತದ್ದು ನೆನಪಿಲ್ಲ. ಅಕ್ಷರ ಕೂಡಿಸಿ ಓದುತ್ತೇನೆ. ಇದನ್ನು ನಾನು ಹೇಳುತ್ತಾ ಹೋದಂತೆ ಸುಜಾತಾ ಬರೆದು ಕೊಟ್ಟಿದ್ದಾಳೆ. ಬೈಗುಳಗಳು ಎಲ್ಲಾದರೂ ಕಡಿಮೆ ಅನ್ನಿಸಿದರೆ ಅದು ಅವಳ ಕೆಲಸ.

ಈಗ ನಾವಿರುವುದು ಹಿಟ್ನಾಳದಲ್ಲಿ. ಸುಜಾತಾ ಹೋಟೆಲ್ ಕೆಲಸ ಕಲಿತು, ಗಂಗಾವತಿ ಕಡೆ ಹೊಳೆಯ ಹತ್ತಿರ ಗುಂಡುಗಲ್ಲುಗಳ ನಡುವೆ ಇರುವ ಒಂದು ದೊಡ್ಡ ರೆಸಾರ್ಟಿಗೆ ಸೇರಿದಳು. ಮೊದಲು ಟೇಬಲ್ಲಿಗೆ ಊಟ ಕೊಡುತ್ತಿದ್ದಳು, ಆಮೇಲೆ ಬಾರಿನ ಕೌಂಟರಿನ ಹಿಂದೆ ನಿಂತಳು. ಆವತ್ತಿನಿಂದ ನನ್ನ ಸೊಸೆ, ಅಂದರೆ ಅವಳ ತಾಯಿ ಗಿರಿಜಾ, ದಿನಾ ಒಂದೇ ರಾಗ.

“ಹೊತ್ತು ಮುಳುಗಿದ ಮ್ಯಾಲ ಹೆಣ್ಣುಡುಗಿ ಸೆರೆ ಸುರಿಯೂದ? ಕತ್ತಲಾಗತೈತಿ, ಮಂದಿ ಕುಡ್ದಿರ್ತಾರ, ನಿನಗೇನು ಬ್ಯಾರೆ ಕೆಲಸ ಸಿಗಲಿಲ್ಲಾ?”

“ಬಿಡ್ತಾರವ್ವಾ ಗಾಡ್ಯಾಗ ಮನಿತನಕ” ಎಂದು ಇವಳು.

“ಗಾಡಿಯಂವನೂ ಗಂಡಸಽ ಅಲ್ಲೇನು?”

ನನ್ನ ಮಗ ಸರಕಾರಿ ಬಸ್ಸಿನ ಡ್ರೈವರ್. ದಿನವಿಡೀ ಹಾರ್ನ್ ಕೇಳಿ ಕೇಳಿ ಮನೆಯ ಗದ್ದಲ ಅವನಿಗೆ ಕೇಳಿಸುವುದೇ ಇಲ್ಲ.

ಒಂದು ದಿನ ಸುಜಾತಾ ಅಭ್ಯಾಸಕ್ಕೆಂದು ರೆಸಾರ್ಟಿನವರು ಕೊಟ್ಟ ಮೂರು ಬಾಟಲಿ ಟಕೀಲಾ ಹಿಡಿದುಕೊಂಡು ಬಂದಳು. ಮಾಲೀಕರು ಬಾರಿನ ಜವಾಬ್ದಾರಿಯನ್ನು ಒಬ್ಬರಿಗೆ ಒಪ್ಪಿಸುತ್ತಾರಂತೆ. ಇವಳು ಒಬ್ಬಳು, ಹೊಸಪೇಟೆಯ ಹುಡುಗ ಒಬ್ಬ. ಇಬ್ಬರ ಎದುರಿಗೂ ಒಳಗಿನ ಬಣ್ಣ ಕಾಣದ ಕರೀ ಗ್ಲಾಸಿನಲ್ಲಿ ಮೂರು ಟಕೀಲಾ ಇಡುತ್ತಾರೆ. ಮೂರೂ ಪೀಪಾಯಿಯಲ್ಲಿ ಇಟ್ಟವೇ. ಒಂದು ಕೆಲವೇ ತಿಂಗಳಿನದು, ಒಂದು ವರ್ಷ ದಾಟಿದ್ದು, ಒಂದು ಅದಕ್ಕೂ ಬಹಳ ಹಳೆಯದು. ಯಾವುದು ಯಾವುದು ಎಂದು ಗುರುತಿಸಬೇಕು, ಒಂದಕ್ಕೊಂದು ಹೇಗೆ ಬೇರೆ ಎಂದು ಬಂದ ಗಿರಾಕಿಗಳಿಗೆ ಹೇಳಬೇಕು. ಗೆದ್ದವರಿಗೆ ಕೆಲಸ.

ಗಿರಿಜಾ ಕೇಳಿಸಿಕೊಂಡು, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಹೇಳಿದಳು: “ಸಿಕ್ಕರ ಇರು. ಸಿಗಲಿಲ್ಲಂದ್ರ ಅವತ್ತಽ ಬಿಟ್ಟು ಮನಿಗೆ ಬರ್ಬೇಕು. ಆಮ್ಯಾಲ ಒಂದು ಮಾತು ಆಡಂಗಿಲ್ಲ.”

“ಆತು” ಎಂದಳು ಸುಜಾತಾ. ಅವಳು ನನ್ನ ಮೊಮ್ಮಗಳು, ಜಗ್ಗುವುದಿಲ್ಲ. ಆದರೆ ಆ ದಿನ ಉಂಡ ತಟ್ಟೆಯಲ್ಲಿ ಅರ್ಧ ರೊಟ್ಟಿ ಹಾಗೇ ಇತ್ತು.

ಅಭ್ಯಾಸಕ್ಕೆ ಜೊತೆಗೊಬ್ಬರು ಬೇಕು. ಯಾರೋ ಒಬ್ಬರು ಮರೆಯಲ್ಲಿ ಸುರಿದು ಕೊಡಬೇಕು, ಇವಳು ಹೇಳಬೇಕು. ಮೂಸುವ ಚಟದ ನಾನೇ ಸಿಕ್ಕೆ. “ಆಯಿ, ನೀನು ಕುಡೀತಿಯಲ್ಲ” ಎಂದಳು. ಅದೇನು ಗುಟ್ಟಲ್ಲ. ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ ದುರುಗವ್ವಗೆ ಎಡೆಯ ಜೊತೆ ಸೆರೆ ಇಡುವ ಪದ್ಧತಿ. ದೇವಿಗೆ ತೋರಿಸಿದ ಮೇಲೆ ಹೆಂಗಸರೂ ಒಂದು ಗುಟುಕು ತೆಗೆದುಕೊಳ್ಳುತ್ತೇವೆ. ನನ್ನ ಅತ್ತೆಯ ಕಾಲಕ್ಕೆ ಅದು ಈಚಲು ಗಿಡದ ಸಿಂಧಿ. ಅತ್ತೆ ಒಂದು ಗುಟುಕಿಗೆ, “ಇದು ಹಳ್ಳದ ದಂಡಿ ಗಿಡದ್ದಲ್ಲ, ಮ್ಯಾಲಿನ ಗಿಡದ್ದು, ನೀರು ಹಾಕ್ಯಾನ” ಎನ್ನುತ್ತಿದ್ದಳು. ಸಿಂಧಿಯವನು ಅವಳನ್ನು ಕಂಡರೆ ದಾರಿ ಬದಲಿಸುತ್ತಿದ್ದ. ನಾನು ಅಷ್ಟು ದೊಡ್ಡವಳಲ್ಲ. ಮೇಲಿನ ಗಿಡ ಕೆಳಗಿನ ಗಿಡ ನನಗೆ ತಿಳಿಯುತ್ತಿರಲಿಲ್ಲ, ನೀರು ಹಾಕಿದ್ದು ತಿಳಿಯುತ್ತಿತ್ತು.

ಮೊದಲ ದಿನ ಮಧ್ಯಾಹ್ನ ಪಡಸಾಲೆಯಲ್ಲಿ ಕೂತೆವು. ಮೂರು ಸ್ಟೀಲ್ ಲೋಟ, ಉಗುಳಲು ಒಂದು ಬೋಗುಣಿ. ನಾನು ತಯಾರಾಗಿಯೇ ಇದ್ದೆ. ಕತ್ತಾಳೆಯ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಟ್ಟಲಲ್ಲಿ ಕುಸುಬಿ ಎಣ್ಣೆ ತಂದಿಟ್ಟುಕೊಂಡಿದ್ದೆ. ತುಟಿಗೆ ಸವರಿದೆ, ನಾಲಿಗೆಗೆ ಸವರಿದೆ, ಗಂಟಲಿಗೆ ಒಂದು ಚಮಚ ಇಳಿಸಿದೆ. ಸುಜಾತಾಳ ಗದ್ದ ಹಿಡಿದು ಅವಳಿಗೂ ಹಚ್ಚಿದೆ.

“ಆಯಿ, ಏನ್ ಮಾಡಾಕತ್ತಿ?”

“ಕಡೀತೈತಿ. ಬಾಯಿ ತೆಗಿ.”

ಕುಡಿದೆವು. ಮೊದಲನೆಯದು ಕುಸುಬಿ ಎಣ್ಣೆ. ಎರಡನೆಯದು ಕುಸುಬಿ ಎಣ್ಣೆ. ಮೂರನೆಯದು, ಸ್ವಲ್ಪ ಖಾರದ ಕುಸುಬಿ ಎಣ್ಣೆ. ಮೂರೂ ಜಾರಿ ಹೋದವು.

“ಹಿಂಗಿದ್ರ ಇದಕ್ಕ ಅಷ್ಟು ಬೆಲಿ ಯಾಕ?” ಎಂದೆ. “ನಮ್ಮ ಗಾಣದಾಗ ಇದಕ್ಕಿಂತ ಛಲೋ ಸಿಗತೈತಿ.”

ಸುಜಾತಾ ಬೋಗುಣಿ ಹಿಡಿದುಕೊಂಡು ನಕ್ಕು ನಕ್ಕು ಕೆಮ್ಮಿದಳು. ಒಳಗಿನಿಂದ ಗಿರಿಜಾ, “ಆತೇನು ಕಲಿತದ್ದು?” ಎಂದು ಕೂಗಿದಳು. ಮರುದಿನ ಎಣ್ಣೆ ಇಲ್ಲದೆ, ಗಂಟಲು ಕಡಿದರೆ ಕಡಿಯಲಿ ಎಂದು ಗಟ್ಟಿ ಮನಸ್ಸು ಮಾಡಿ ಕುಡಿದೆ. ಕಡಿಯಲಿಲ್ಲ. ಬೇಯಿಸಿದ ಗಡ್ಡೆಗೆ ನವೆ ಇರುವುದಿಲ್ಲವಂತೆ. ನಮ್ಮಪ್ಪನಿಗೆ ಈ ಸುದ್ದಿ ಗೊತ್ತಿದ್ದರೆ ಎಲೆ ಬಿಟ್ಟು ಗಡ್ಡೆಗೆ ಕೈ ಹಾಕುತ್ತಿದ್ದ, ನಮ್ಮ ಮನೆ ಬೇರೆ ದಾರಿ ಹಿಡಿಯುತ್ತಿತ್ತು.

ಅವುಗಳ ಮೆಕ್ಸಿಕೊ ಹೆಸರು ನನ್ನ ಬಾಯಲ್ಲಿ ಹೊರಳಲಿಲ್ಲ. ನಾನೇ ಹೆಸರಿಟ್ಟೆ: ಸಣ್ಣಾಕಿ, ನಡುವಿನಾಕಿ, ದೊಡ್ಡಾಕಿ. ಸಣ್ಣಾಕಿಯನ್ನು ಮೂಸಿದ ಕೂಡಲೇ ಕುಡುಗೋಲು ಹಾಕಿದ ಹಸಿ ಕತ್ತಾಳೆ ಎದ್ದು ಬಂತು. ಹಿಂದೆಯೇ ಕಾಳುಮೆಣಸು. ನುಂಗಿದ ಮೇಲೆ ಬೂದಿಯಲ್ಲಿ ಸುಟ್ಟ ಗೆಣಸಿನ ಸಿಹಿ. ನಡುವಿನಾಕಿಯಲ್ಲಿ ಗೆಣಸು ಹಾಗೇ ಇತ್ತು, ಮೇಲೆ ಯಾರೋ ಬೆಲ್ಲದ ಪಾಕ ಹೊಯ್ದಂತೆ, ಪಕ್ಕದಲ್ಲಿ ಶೇಂಗಾ ಹುರಿದಂತೆ. ದೊಡ್ಡಾಕಿ ಗಂಟಲಲ್ಲಿ ಇಳಿದದ್ದೇ ಗೊತ್ತಾಗಲಿಲ್ಲ, ಅಷ್ಟು ಮೆತ್ತಗೆ. ತಳ ಹಿಡಿದ ಬೆಲ್ಲ, ಲವಂಗ, ಒಣ ದ್ರಾಕ್ಷಿ, ಮತ್ತೆ ಹಳೇ ಕಟ್ಟಿಗೆಯ ಸಂದೂಕದ ಮುಚ್ಚಳ ತೆಗೆದರೆ ಬರುವ ಆ ವಾಸನೆ. ಎಲ್ಲಾ ಇತ್ತು. ಕತ್ತಾಳೆ ಒಂದು ಇರಲಿಲ್ಲ.

“ದೊಡ್ಡಾಕಿ ಭಾಳ ನಾಜೂಕಾಗ್ಯಾಳ” ಎಂದೆ. “ಆದ್ರ ಯಾರ ಮಗಳು ಅನ್ನೂದನ್ನ ಮರ್ತಾಳ. ನನಗ ಸಣ್ಣಾಕಿನಽ ಇರ್ಲಿ.”

“ಆಯಿ, ಲೋಕಕ್ಕೆಲ್ಲಾ ದೊಡ್ಡಾಕಿನಽ ಬೇಕು. ಹಳೇದಾದಷ್ಟು ಕಿಮ್ಮತ್ತು.”

“ಹಂಗಾರ ನನಗ್ಯಾಕ ಯಾರೂ ಕಿಮ್ಮತ್ತು ಕೊಡವಲ್ರು?”

“ನಿನ್ನ ಪೀಪಾಯಿಯೊಳಗ ಇಟ್ಟಿಲ್ಲಲ್ಲ, ಅದಕ್ಕ” ಎಂದಳು. ಇಂಥ ಮಾತು ಅವಳಿಗೆ ಯಾರಿಂದ ಬಂತು ಎಂದು ನನ್ನನ್ನು ಕೇಳಬೇಡಿ.

ಅವಳು ಉಗುಳುತ್ತಿದ್ದಳು, ಹಾಗೆ ಮಾಡಬೇಕಂತೆ. ನಾನು ನುಂಗುತ್ತಿದ್ದೆ. ದುರುಗವ್ವನ ಮುಂದೆ ಕುಡಿದು ಕಲಿತವಳಿಗೆ ಉಗುಳುವುದು ಗೊತ್ತಿಲ್ಲ. ಸುರಿಯುವವಳು ನಾನು. ಯಾವ ಲೋಟದಲ್ಲಿ ಯಾವುದು ಎಂದು ನನಗೆ ಗೊತ್ತು. ಮೊದಲು ನಾನು ಒಂದು ಗುಟುಕು ಹಾಕಿ ಅವಳಿಗೆ ಕೊಡುತ್ತಿದ್ದೆ, ಅವಳು ಮೂಸಿ, ನಾಲಿಗೆಗೆ ಮುಟ್ಟಿಸಿ ಹೇಳುತ್ತಿದ್ದಳು. ಮೊದಮೊದಲು ತಪ್ಪಿತು. ಆಮೇಲೆ ತಪ್ಪಲೇ ಇಲ್ಲ. ಸಣ್ಣಾಕಿ ಎಂದರೆ ಸಣ್ಣಾಕಿ, ದೊಡ್ಡಾಕಿ ಎಂದರೆ ದೊಡ್ಡಾಕಿ. ನಾನು ಓಣಿಯಲ್ಲಿ ಎದೆಯುಬ್ಬಿಸಿ ನಡೆದೆ. ಯಾಕೆ ಎಂದು ಓಣಿಗೆ ಹೇಳುವ ಹಾಗಿರಲಿಲ್ಲ, ಆದರೂ ನಡೆದೆ.

ಒಂದು ದಿನ ಗಿರಿಜಾ ಜೋಳ ಹಸನು ಮಾಡುತ್ತಾ ನಮ್ಮನ್ನೇ ನೋಡುತ್ತಿದ್ದಳು. ಮೊರ ಕೆಳಗಿಟ್ಟು ಹೇಳಿದಳು: “ಅತ್ತೀ, ಆಕಿ ಲೋಟದ ರುಚಿ ನೋಡಾಕತ್ತಿಲ್ರೀ. ನಿಮ್ಮ ಮಾರಿ ನೋಡಾಕತ್ತಾಳ.”

“ನನ್ನ ಮಾರ್ಯಾಗ ಏನೈತಿ?”

“ಎಲ್ಲಾ ಐತ್ರಿ. ಸಣ್ಣಾಕಿ ಕುಡಿದಾಗ ಹುಬ್ಬು ಹಾರ್ತಾವ. ನಡುವಿನಾಕಿಗೆ ತುಟಿ ಚಪ್ಪರಸ್ತೀರಿ. ದೊಡ್ಡಾಕಿಗೆ, ಬೇಕಾಗದ ಬೀಗರು ಬಂದಾಗ ಹೂಂ ಅಂತೀರಲ್ಲ, ಹಂಗ ತಲಿ ಹಾಕ್ತೀರಿ.”

“ಸುಳ್ಳು” ಎಂದೆ. ಗಿರಿಜಾ ಮೂರೂ ಲೋಟ ತೆಗೆದುಕೊಂಡು ಒಳಗೆ ಹೋಗಿ, ಸೆರಗನ್ನು ಮೂಗಿಗೆ ಒತ್ತಿಕೊಂಡು ಸುರಿದು ತಂದಳು. ನನ್ನನ್ನು ಹೊರಗೆ ಕಳಿಸಿದಳು. ನಾನು ಕಿಟಕಿಯಲ್ಲಿ ನಿಂತೆ. ಸುಜಾತಾ ಮೂಸಿದಳು, ರುಚಿ ನೋಡಿದಳು, ತಾಯಿಯ ಮುಖ ನೋಡಿದಳು. ಆ ಮುಖದಲ್ಲಿ ಮೂರಕ್ಕೂ ಒಂದೇ ಹೇಸಿಗೆ. ಇವಳು ಹೇಳಿದ್ದು ಮೂರೂ ತಪ್ಪು.

ಸುಜಾತಾ ಬೇಕೆಂದು ಮೋಸ ಮಾಡಿರಲಿಲ್ಲ, ತನಗೇ ಗೊತ್ತಿರಲಿಲ್ಲ. ಅದು ಅವಳ ಮುಖದಲ್ಲೇ ಕಂಡಿತು. ಅಳಲಿಲ್ಲ. ಲೋಟಗಳನ್ನು ಒಂದರೊಳಗೊಂದು ಇಟ್ಟು ತೊಳೆಯಲು ಎದ್ದಳು. ಪರೀಕ್ಷೆ ಆ ವಾರದ ಕೊನೆಗೆ. ಗಿರಿಜಾಗೆ ಬೇಕಾಗಿದ್ದದ್ದು ತಾನಾಗಿಯೇ ಆಗುವುದರಲ್ಲಿತ್ತು. ಸುಮ್ಮನೆ ಜೋಳದ ಮುಂದೆ ಕೂತಿದ್ದರೆ ಸಾಕಿತ್ತು.

“ಎಲ್ಲಿ ಹೊಂಟಿ?” ಎಂದಳು. “ಇನ್ನೊಮ್ಮೆ ಸುರೀತೀನಿ, ಕೂಡು.”

ಯಾಕೆ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ನಿಲ್ಲಿಸುತ್ತಿದ್ದಳು.

ಆಮೇಲೆ ದಿನಾ ಅವಳೇ ಸುರಿದಳು. ನನಗೆ ಹೊರಗೆ ಬೇವಿನ ಗಿಡದ ಕೆಳಗೆ ಜಾಗ. ಒಳಗಿನಿಂದ ಮಾತು ಕೇಳುತ್ತಿತ್ತು.

“ಇದು ದೊಡ್ಡಾಕಿ.”

“ಯಾಕ?”

“ಮೆತ್ತಗ ಐತಿ.”

“ಮೆತ್ತಗ ಐತಿ ಅಂದ್ರ? ನಡುವಿನಾಕಿನೂ ಮೆತ್ತಗ ಅದಾಳಂತ ನಿನ್ನೆ ಹೇಳಿದಿ. ಸರ್ತ ಹೇಳು.”

“ಅವ್ವಾ, ನೀನು ಒಂದು ಹನಿ ಕುಡಿದು ನೋಡ್ಬಾರ್ದ?”

“ಚಪ್ಪಲಿಲೇ ಹೊಡೀತೀನಿ. ಹೇಳು.”

ಗಿರಿಜಾ ಒಂದು ಹನಿಯೂ ಮುಟ್ಟದೆ, ಸರಿ ಯಾವುದು ತಪ್ಪು ಯಾವುದು ಎಂದಷ್ಟೇ ಹೇಳುತ್ತಾ, ಸುಜಾತಾಳ ನಾಲಿಗೆಯನ್ನು ಅವಳಿಗೇ ಬಿಟ್ಟಳು. ಆಗ ಅವಳು ನನ್ನ ಗೆಣಸು, ನನ್ನ ಸಂದೂಕಗಳನ್ನೆಲ್ಲ ಕೈಬಿಟ್ಟು ತನ್ನದೇ ಗುರುತು ಹಿಡಿದಳು. ದೊಡ್ಡಾಕಿ ಅವಳಿಗೆ ಮಳೆಗಾಲದಲ್ಲಿ ಬಸ್ಸಿನ ಒಳಗಿನ ಹಸಿ ಹಲಗೆಯ ವಾಸನೆಯಂತೆ, ಸಣ್ಣಾಕಿ ನಿಂಬೆಹಣ್ಣಿನ ಸಿಪ್ಪೆ ಉಗುರಲ್ಲಿ ಚುಚ್ಚಿದಂತೆ. ನನಗಂತೂ ನಿಂಬೆ ಎಲ್ಲಿಯೂ ಸಿಕ್ಕಿರಲಿಲ್ಲ. ಅವಳಿಗೆ ಸಿಕ್ಕಿತು. ಅವಳಿಗೆ ದೊಡ್ಡಾಕಿಯೇ ಹೆಚ್ಚು ಹಿಡಿಸಿತು ಎಂಬುದನ್ನೂ ಹೇಳಿಬಿಡುತ್ತೇನೆ. ಆ ವಿಷಯದಲ್ಲಿ ಅವಳದು ತಪ್ಪು ಎಂದು ನನ್ನ ಅಭಿಪ್ರಾಯ, ಈಗಲೂ.

ಪರೀಕ್ಷೆಯ ದಿನ ಮಧ್ಯಾಹ್ನಕ್ಕೆ ಫೋನ್ ಬಂತು. ಗಿರಿಜಾಳೇ ಎತ್ತಿದಳು. ಕೇಳುತ್ತಾ ಕೇಳುತ್ತಾ ಎದ್ದು ನಿಂತಳು.

“ಮೂರೂ ಸರಿ ಹೇಳ್ಯಾಳಂತ” ಎಂದಳು ನನಗೆ. “ಆ ಹುಡುಗ ಎರಡು ತಪ್ಪಿಸ್ಯಾನಂತ.”

“ಮತ್ತ?”

“ಕೆಲಸ ಹುಡುಗಗ ಕೊಟ್ಟಾರಂತ.”

ಮ್ಯಾನೇಜರು ಸುಜಾತಾಳನ್ನು ಪಕ್ಕಕ್ಕೆ ಕರೆದು ಒಳ್ಳೆಯ ಮಾತಿನಲ್ಲೇ ಹೇಳಿದನಂತೆ: ಬಾರಿನ ಜವಾಬ್ದಾರಿ ಎಂದರೆ ಕತ್ತಲಾಗುತ್ತದೆ, ಕುಡಿದವರು ಇರುತ್ತಾರೆ, ಹೆಣ್ಣುಮಗಳು ನೀನು, ಮನೆಯವರು ಒಪ್ಪುವುದಿಲ್ಲ. ಸುಜಾತಾ ಕೆಲಸ ಬಿಟ್ಟು ಬರುತ್ತೇನೆ, ಮಾತು ಕೊಟ್ಟಿದ್ದೇನಲ್ಲ ಎಂದು ಫೋನಿಟ್ಟಿದ್ದಳು.

ಗಿರಿಜಾ ಫೋನನ್ನು ಕೆಳಗಿಟ್ಟಳು. “ಮನಿಯವ್ರು ಒಪ್ಪಂಗಿಲ್ಲ ಅಂದ್ನಂತ” ಎಂದಳು. “ಯಾವ ಮನಿಯವ್ರು? ಅಂವ ನನ್ನ ಕೇಳ್ಯಾನೇನು?” ಸೀರೆ ಬದಲಿಸಲಿಲ್ಲ, ಹಿಟ್ಟಿನ ಕೈ ತೊಳೆದದ್ದು ಅಷ್ಟೆ. “ಏಳ್ರಿ ಅತ್ತಿ, ಬಸ್ಸು ಬರೂ ಹೊತ್ತಾತು.”

ಗಂಗಾವತಿ ಬಸ್ಸು ಹಿಡಿದು, ಅಲ್ಲಿಂದ ಆಟೋ ಮಾಡಿ ಹೋದೆವು. ದಾರಿಯುದ್ದಕ್ಕೂ ನಾನು ಕಾಲುವೆ ಕಡೆಯ ಭತ್ತದ ಗದ್ದೆ ನೋಡುತ್ತಾ ಕೂತೆ.

ಮ್ಯಾನೇಜರು ಬೇರೆ ಕಡೆಯವನು, ಸಂಭಾವಿತ. ಕುರ್ಚಿ ಹಾಕಿಸಿದ, ನೀರು ತರಿಸಿದ. ಸುಜಾತಾ ಬ್ಯಾಗು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದವಳು ನಮ್ಮನ್ನು ಕಂಡು ಹೌಹಾರಿದಳು. “ಯವ್ವಾ, ನೀ ಯಾಕ ಬಂದಿ?” ಎಂದಳು. ಗಿರಿಜಾ ಅವಳ ಕಡೆ ನೋಡಲೂ ಇಲ್ಲ.

“ನಮ್ಮ ಮಗಳಿಗೆ ಏನಂದ್ರಿ ಸರ?”

“ನೋಡಿ ಅಮ್ಮಾ, ನಿಮ್ಮ ಒಳ್ಳೆಯದಕ್ಕೇ ಹೇಳಿದ್ದು. ರಾತ್ರಿಯಾಗುತ್ತೆ, ಎಂಥೆಂಥವರೋ ಬರ್ತಾರೆ...”

“ಅದು ನನ್ನ ಮಾತ್ರೀ” ಎಂದಳು ಗಿರಿಜಾ. “ಕತ್ತಲಾಗತೈತಿ, ಕುಡಿದವರಿರ್ತಾರ, ಅನ್ನೂದು ನಾನು ದಿನಾ ಹೇಳೂ ಮಾತು. ಹೆತ್ತಾಕಿ ನಾನು, ಹೇಳ್ತೀನಿ. ಆಕಿ ಕೆಲಸ ಮುಗಿಸಿ ಬರೂ ಹೊತ್ತಿಗೆ ರೊಟ್ಟಿ ಬಿಸಿ ಮಾಡ್ಕೊಂಡು ಬಾಗಲಾಗ ಕುಂದರಾಕಿ ನಾನು. ಆ ಮಾತು ನಿಮಗ ಯಾರು ಕೊಟ್ರು?”

ಮ್ಯಾನೇಜರು ನೀರಿನ ಗ್ಲಾಸನ್ನು ಮುಂದೆ ಸರಿಸಿದ. ಆಮೇಲೆ ಜಾಣತನ ಮಾಡಿದ: “ಹಾಗಾದರೆ ನೀವು ಒಪ್ಪುತ್ತೀರಾ, ಅಮ್ಮಾ?”

ಗಿರಿಜಾ ಸಿಕ್ಕಿಬಿದ್ದಳು. ನನ್ನ ಮುಖ ನೋಡಿದಳು. ನನ್ನ ಮುಖದಲ್ಲಿ ಏನಿತ್ತೋ, ಅದನ್ನು ಅಡಗಿಸುವ ಗೊಡವೆಗೆ ನಾನು ಹೋಗಲಿಲ್ಲ.

“ಒಪ್ಪೂದು ಬಿಡೂದು ನಾವು ಮನ್ಯಾಗ ಮಾತಾಡ್ಕೋತೀವಿ” ಎಂದಳು. “ನೀವು ಬರೇ ಇಷ್ಟು ಹೇಳ್ರಿ. ಮೂರೂ ಸರಿ ಹೇಳಿದಾಕಿ ಯಾರು?”

“ಸುಜಾತಾ.”

“ಗೆದ್ದವರಿಗೆ ಕೆಲಸ ಅಂದಾವ್ರು ಯಾರು?”

ಅವನು ಎದ್ದು ಒಳಗೆ ಮಾಲೀಕರ ಹತ್ತಿರ ಹೋದ. ಬಹಳ ಹೊತ್ತಾಯಿತು. ಗಿರಿಜಾ ಕುರ್ಚಿಯ ಅಂಚಿನಲ್ಲಿ ಕೂತಿದ್ದಳು, ಉಗುರಿನ ಸಂದಿಯಲ್ಲಿ ಒಣಗಿದ ಹಿಟ್ಟನ್ನು ಕೆರೆಯುತ್ತಾ. ಸುಜಾತಾ ಹೆಗಲ ಬ್ಯಾಗು ಇಳಿಸಲಿಲ್ಲ. ಮ್ಯಾನೇಜರು ಹೊರಗೆ ಬಂದು, ಗಿರಿಜಾಗಲ್ಲ, ನೇರವಾಗಿ ಸುಜಾತಾಗೆ ಹೇಳಿದ: “ಇವತ್ತು ಸಂಜೆ ಒಂದು ಗುಂಪು ಬರುತ್ತೆ. ಮೂರು ಗ್ಲಾಸಿನ ರುಚಿ ಹೇಳಬೇಕು. ಬಾರು ನೀವೇ ನೋಡಿಕೊಳ್ಳಿ. ತಯಾರಾಗಿ.”

ಸುಜಾತಾ ಬ್ಯಾಗು ಇಳಿಸಿದಳು.

“ಇವತ್ತಽ?” ಎಂದು ಗಿರಿಜಾ ಎದ್ದಳು. “ಸಂಜಿ ಅಂದ್ರ ಎಷ್ಟೊತ್ತಿನ ಮಟಾ? ಕತ್ತಲಾಗತೈತಲ್ಲ! ಗಾಡ್ಯಾಗ ಬಿಡಾಂವ ಯಾರು? ಅವನ ಹೆಸರೇನು? ಉಂಡಿಯೋ ಇಲ್ಲೋ ನೀನು?”

ಮ್ಯಾನೇಜರು ನನ್ನ ಕಡೆ ನೋಡಿದ. ನಾನೇನು ಮಾಡಲಿ? ಅವನಿಗೆ ಆಗಲೇ ಹೇಳಿದ್ದಳಲ್ಲ, ಅದು ಅವಳ ಮಾತು. ಈಗಲೂ ದಿನಾ ಹೇಳುತ್ತಾಳೆ. ಬುತ್ತಿ ಕಟ್ಟುತ್ತಾ ಹೇಳುತ್ತಾಳೆ, ಹೊಸ್ತಿಲವರೆಗೆ ಬಂದು ಹೇಳುತ್ತಾಳೆ. ಸುಜಾತಾ ಎಲ್ಲಾ ಕೇಳಿಸಿಕೊಂಡು, ಬುತ್ತಿ ಹಿಡಿದುಕೊಂಡು ಬಸ್ಸಿಗೆ ಹೋಗುತ್ತಾಳೆ.